ಬ್ಯಾಟರಿಯಿಂದ ಟಾಪಿನವರೆಗೆ: ಗಾಡಿಯಲ್ಲಿ ಹ್ಯಾಮ್ ರೇಡಿಯೊ ಕೂರಿಸುವುದು

(ಕಲಬುರಗಿಯಲ್ಲಿ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ಹೊರಗೆ ಬೇವಿನ ಗಿಡದ ನೆರಳಿಗೆ ನನ್ನ ಗಾಡಿ ನಿಲ್ಲಿಸಿ, ಬಾನೆಟ್ ತೆರೆದೇ ಇಟ್ಟು ಬಂದಿದ್ದೇನೆ. ಇವತ್ತು ಹೇಳಬೇಕೆಂದಿರುವುದರಲ್ಲಿ ಅರ್ಧ ಆ ಬಾನೆಟ್ಟಿನ ಕೆಳಗಿದೆ, ಇನ್ನರ್ಧ ಗಾಡಿಯ ಟಾಪಿನ ಮೇಲಿದೆ. ನಡುವೆ ಇರುವ ರೇಡಿಯೊ ಪೆಟ್ಟಿಗೆಯ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ. ಯಾವ ಕಂಪನಿಯ ಸೆಟ್ ತಗೊಳ್ಳಲಿ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಇಷ್ಟು ವರ್ಷಗಳಲ್ಲಿ ನನ್ನ ಕೈಯಲ್ಲಿ ಕೆಟ್ಟ ಸೆಟ್ಟುಗಳು ಎರಡೇ. ಕೈಕೊಟ್ಟ ವೈರು, ಸಡಿಲಾದ ಥಿಂಬಲ್ಲು (ವೈರಿನ ತುದಿಗೆ ಒತ್ತುವ ಲೋಹದ ಬಳೆ), ತುಕ್ಕು ಹಿಡಿದ ಅರ್ಥಿಂಗ್ ಜೋಡಣೆ ಎಷ್ಟೋ.

ಇದನ್ನು ನಾನು ಕಲಿತ ದಿನ ಹೇಳುತ್ತೇನೆ. 2020ರ ಅಕ್ಟೋಬರ್. ಮಹಾರಾಷ್ಟ್ರದ ಕಡೆ ವಿಪರೀತ ಮಳೆ, ಉಜನಿ ಜಲಾಶಯದಿಂದ ನೀರು ಬಿಟ್ಟಿದ್ದರು, ಭೀಮಾ ದಂಡೆ ಮೀರಿ ಹರಿಯುತ್ತಿತ್ತು. ಅಫಜಲಪುರ, ಜೇವರ್ಗಿ, ಚಿತ್ತಾಪುರ, ಆಚೆ ಯಾದಗಿರಿ ಜಿಲ್ಲೆಯ ದಂಡೆಯ ಊರುಗಳೆಲ್ಲ ನೀರಿನಲ್ಲಿ. ಜೇವರ್ಗಿ ರಸ್ತೆಯಿಂದ ಒಳಗೆ ನಮ್ಮ ಅತ್ತಿಯ ಊರಿದೆ. ಊರವರನ್ನು ಶಾಲೆಗೆ ಸಾಗಿಸಿದ್ದರು. ಕರೆಂಟ್ ಹೋಗಿ ಎರಡನೇ ದಿನ, ಮೊಬೈಲ್ ಟವರಿನ ಬ್ಯಾಟರಿಯೂ ಮುಗಿದಿತ್ತು. ಶಾಲೆಯಲ್ಲಿ ಇಬ್ಬರು ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬೇಕಿತ್ತು. ನನ್ನ ಗಾಡಿಯಲ್ಲಿ 50 ವ್ಯಾಟಿನ ವಿಎಚ್‌ಎಫ್ (ಅತಿ ಹೆಚ್ಚು ಕಂಪನದ ರೇಡಿಯೊ ತರಂಗದ) ಸೆಟ್ ಇತ್ತು, ಕಲಬುರಗಿಯಲ್ಲಿ ಗೆಳೆಯನೊಬ್ಬ ಮನೆ ಮೇಲೆ ಎತ್ತರದ ಕಂಬಕ್ಕೆ ಆಂಟೆನಾ ಏರಿಸಿ ಕೇಳುತ್ತ ಕೂತಿದ್ದ. ಇದಕ್ಕಿಂತ ಅನುಕೂಲ ಏನು ಬೇಕು? ಎಂಜಿನ್ ಆಫ್ ಮಾಡಿ ಮೈಕಿನ ಗುಂಡಿ ಒತ್ತಿದೆ. ಸೆಟ್ಟಿನ ದೀಪ ಪಟ್ಟನೆ ಆರಿತು. ಗುಂಡಿ ಬಿಟ್ಟರೆ ಮತ್ತೆ ಹತ್ತಿತು. ಮತ್ತೆ ಒತ್ತಿದೆ, ಮತ್ತೆ ಆರಿತು. ಆ ಕಡೆಯಿಂದ ಗೆಳೆಯನ ದನಿ ಸ್ವಚ್ಛವಾಗಿ ಕೇಳುತ್ತಿತ್ತು: "ಅಣ್ಣಾ, ನಿಮ್ಮ ಕಾಲ್‌ಸೈನ್ ಅರ್ಧ ಬಂತು, ಮುಂದ ಏನೂ ಬರ್ಲಿಲ್ಲ. ಮತ್ತೊಮ್ಮಿ ಹೇಳ್ರಿ." ಕಾಲ್‌ಸೈನ್ ಅಂದರೆ ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು. ನಾನು ಹೇಳುತ್ತಲೇ ಇದ್ದೆ, ಅವನಿಗೆ ತಲುಪುತ್ತಲೇ ಇರಲಿಲ್ಲ. ಕೊನೆಗೆ ಹನ್ನೆರಡು ಕಿಲೋಮೀಟರ್ ಹಿಂದಕ್ಕೆ ಗಾಡಿ ಓಡಿಸಿ, ಮೊಬೈಲ್ ಸಿಗ್ನಲ್ ಸಿಕ್ಕ ಕಡೆ ನಿಂತು ಫೋನ್ ಮಾಡಿದೆ. ಔಷಧ ಸಿಕ್ಕಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಅಂಥ ಹೊತ್ತಿಗೆಂದೇ ಇಟ್ಟುಕೊಂಡ ರೇಡಿಯೊ ಅಂಥ ಹೊತ್ತಿನಲ್ಲೇ ಮೂಕವಾಗಿದ್ದನ್ನು ನಾನು ಮರೆತಿಲ್ಲ.

ಆಗಿದ್ದೇನು? ಸೆಟ್ಟಿಗೆ ಕರೆಂಟನ್ನು ನಾನು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ತಗೊಂಡಿದ್ದೆ. ಕೇಳುವಾಗ ಸೆಟ್ ಅರ್ಧ ಆಂಪಿಯರ್ ಎಳೆಯುತ್ತದೆ, ಅಷ್ಟಕ್ಕೆ ಆ ಸಾಕೆಟ್ ಧಾರಾಳ ಸಾಕು. 50 ವ್ಯಾಟಿನಲ್ಲಿ ಮಾತಾಡುವಾಗ 10 ಆಂಪಿಯರಿಗೂ ಮೇಲೆ ಎಳೆಯುತ್ತದೆ. ವಾರದ ಮೇಲೆ ವೈರಿಂಗ್ ಮಿಸ್ತ್ರಿ ಚಾಚಾ ಹತ್ತಿರ ಹೋದೆ. ಅವರು ಡ್ಯಾಶ್‌ಬೋರ್ಡ್ ಬಿಚ್ಚಿ ಸಾಕೆಟ್ಟಿನ ಹಿಂದಿನ ವೈರನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. "ನೋಡ್ರಿ ಸಾಹೇಬ್ರ, ಹತ್ತು ಆಂಪ್ ಅಂತೀರಿ, ಈ ದಾರದಾಗ ಹೆಂಗ ಬರಬೇಕದು? ಹೊಲಕ್ಕ ನೀರು ಬಿಡ್ಲಕ ಪೆನ್ನಿನ ರೀಫಿಲ್ ಹಚ್ಚಿದಂಗ ಆಯ್ತು." ನನ್ನ ಎದುರಿಗೇ ಮೀಟರ್ ಹಚ್ಚಿದರು. ಬ್ಯಾಟರಿಯ ತಲೆಯ ಮೇಲೆ 12.4 ವೋಲ್ಟ್. ಗುಂಡಿ ಒತ್ತಿದ ಕೂಡಲೇ ಸೆಟ್ಟಿನ ಹಿಂಬದಿಯಲ್ಲಿ 10.8.

ಈ ಲೆಕ್ಕವನ್ನು ನೀವೂ ಒಮ್ಮೆ ಕಾಗದದ ಮೇಲೆ ಮಾಡಿ. ಇಂಥ ಸೆಟ್ಟುಗಳು 13.8 ವೋಲ್ಟಿಗೆ ತಯಾರಾದವು, ಹದಿನೈದು ಶೇಕಡಾ ಹೆಚ್ಚುಕಡಿಮೆ ತಾಳುತ್ತವೆ. ಅಂದರೆ 11.7ಕ್ಕಿಂತ ಕೆಳಗೆ ಹೋದರೆ ಕೆಲಸ ಮಾಡಬೇಕೆಂಬ ಜವಾಬ್ದಾರಿ ಸೆಟ್ಟಿನದಲ್ಲ. ಎಂಜಿನ್ ಓಡುವಾಗ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) 13.8ರಿಂದ 14.4 ಕೊಡುತ್ತದೆ. ಆಫ್ ಮಾಡಿದರೆ ತುಂಬಿದ ಬ್ಯಾಟರಿಯಲ್ಲೂ 12.6 ಮಾತ್ರ. ಇನ್ನು ವೈರಿಗೆ ಬನ್ನಿ. ಬ್ಯಾಟರಿಯಿಂದ ಸೀಟಿನ ಕೆಳಗಿರುವ ಸೆಟ್ಟಿಗೆ ನಾಲ್ಕು ಮೀಟರ್, ಮರಳಿ ನಾಲ್ಕು ಮೀಟರ್, ಒಟ್ಟು ಎಂಟು. 1 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿದರೆ 10 ಆಂಪಿಯರಿನಲ್ಲಿ ಸುಮಾರು 1.4 ವೋಲ್ಟ್ ದಾರಿಯಲ್ಲೇ ಕರಗುತ್ತದೆ. 2.5 ಹಾಕಿದರೆ ಅರ್ಧ ವೋಲ್ಟಿನ ಆಸುಪಾಸು. 6 ಸ್ಕ್ವೇರ್ ಎಂಎಂ ಹಾಕಿದರೆ ಕಾಲು ವೋಲ್ಟೂ ಹೋಗುವುದಿಲ್ಲ. ನಾನು ಈಗ 6ಕ್ಕಿಂತ ಸಣ್ಣದು ಹಾಕುವುದಿಲ್ಲ. ಅಂಗಡಿಯಲ್ಲಿ ವೈರ್ ಕೊಳ್ಳುವಾಗ ತುದಿಯ ಒಂದೆರಡು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಾಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ಅಲ್ಲೇ ಬಿಟ್ಟು ಬನ್ನಿ.

ಕೆಲಸ ಶುರು ಮಾಡುವ ಮುಂಚೆ ಹತ್ತರ ಪಾನಾದಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಮೊದಲು ನೆಗೆಟಿವ್ವೇ ಯಾಕೆ ಅಂದರೆ, ಗಾಡಿಯ ಮೈಯೆಲ್ಲ ನೆಗೆಟಿವ್. ಅದು ಜೋಡಿಸಿಯೇ ಇದ್ದಾಗ ಪಾಸಿಟಿವ್ ಬಿಚ್ಚಲು ಹೋಗಿ ಪಾನಾದ ಇನ್ನೊಂದು ತುದಿ ತಗಡಿಗೆ ತಾಗಿದರೆ ಕಿಡಿ ಹಾರುತ್ತದೆ, ಪಾನಾ ಬೆಸೆದುಕೊಳ್ಳುವುದೂ ಉಂಟು. ಕೈಯಲ್ಲಿ ಉಂಗುರವಿದ್ದರೆ ತೆಗೆದಿಡಿ. ಮರಳಿ ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕಡೆಗೆ.

ಪಾಸಿಟಿವ್ ವೈರ್ ನೇರ ಬ್ಯಾಟರಿಗೆ, ಅಲ್ಲಿಂದ ಒಂದು ಗೇಣಿನೊಳಗೆ ಫ್ಯೂಸ್. ಎಷ್ಟೋ ಜನ ಫ್ಯೂಸನ್ನು ಸೆಟ್ಟಿನ ಹತ್ತಿರ ಇಡುತ್ತಾರೆ, ಸೆಟ್ಟನ್ನು ಕಾಯಲಿ ಅಂತ. ಬ್ಯಾಟರಿ ಬದಿಯ ಫ್ಯೂಸ್ ಕಾಯುವುದು ವೈರನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ತಗಡಿಗೆ ತಾಗಿದರೆ ತಡೆಯುವವರು ಯಾರೂ ಇಲ್ಲ, ಗಾಡಿಯ ಬ್ಯಾಟರಿ ನೂರಾರು ಆಂಪಿಯರನ್ನು ಆ ಜಾಗದಲ್ಲಿ ಸುರಿಯುತ್ತದೆ. ಆದ್ದರಿಂದ ಆ ತುಂಡು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಫ್ಯೂಸ್ 15 ಅಥವಾ 20 ಆಂಪಿಯರಿನದು, ಸೆಟ್ಟಿನ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಹೇಳಿದೆಯೋ ಅಷ್ಟೇ. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವುದನ್ನು ನಮ್ಮ ಕಡೆ ಪಂಪ್‌ಸೆಟ್ಟಿನ ಡಬ್ಬಿಯಲ್ಲಿ ನೋಡಿದ್ದೇವೆ. ಗಾಡಿಯಲ್ಲಿ ಅದನ್ನು ಮಾತ್ರ ಮಾಡಬೇಡಿ.

ನೆಗೆಟಿವ್ ವೈರನ್ನು ಮೊದಲೆಲ್ಲ ಬ್ಯಾಟರಿಯ ತಲೆಗೇ ಕಟ್ಟುತ್ತಿದ್ದೆವು. ಹೊಸ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ತಲೆಯ ಮೇಲೆ ಕರೆಂಟ್ ಅಳೆಯುವ ಸಣ್ಣ ಸೆನ್ಸರ್ ಇರುತ್ತದೆ. ಅದನ್ನು ದಾಟಿ ನೀವು ನೇರ ತಲೆಗೆ ಕಟ್ಟಿದರೆ ಸೆಟ್ ಎಳೆಯುವ ಕರೆಂಟ್ ಗಾಡಿಯ ಲೆಕ್ಕಕ್ಕೆ ಸಿಗುವುದೇ ಇಲ್ಲ, ಚಾರ್ಜಿಂಗ್ ತಪ್ಪುತ್ತದೆ. ಬ್ಯಾಟರಿಯ ದಪ್ಪ ಕಪ್ಪು ವೈರ್ ಗಾಡಿಯ ಮೈಗೆ ಸೇರುವ ಬೋಲ್ಟ್ ಇರುತ್ತದಲ್ಲ, ಅಲ್ಲಿ ಕಟ್ಟಿ. ಕಟ್ಟುವ ಮುಂಚೆ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ತಗಡು ಬೆಳ್ಳಗೆ ಹೊಳೆಯುವಂತೆ ಮಾಡಿ. ಥಿಂಬಲ್ಲನ್ನು ಕಟಿಂಗ್ ಪ್ಲೇಯರಿನಿಂದ ಚಪ್ಪಟೆ ಮಾಡಿ ಬಿಡಬೇಡಿ, ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿಸಿ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಅರೆಬರೆ ಒತ್ತಿದ ಥಿಂಬಲ್ ಆರು ತಿಂಗಳು ಬಾಳುವುದಿಲ್ಲ.

ಎಂಜಿನ್ ಕೋಣೆಯಿಂದ ಒಳಗೆ ವೈರ್ ತರುವ ಜಾಗದ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳುತ್ತೇನೆ. ನಡುವೆ ಒಂದು ತಗಡಿನ ಗೋಡೆ ಇದೆ. ಅದರಲ್ಲಿ ಕಂಪನಿಯವರೇ ವೈರಿಂಗ್ ದಾಟಿಸಲು ಬಿಟ್ಟ ತೂತುಗಳಿರುತ್ತವೆ, ಪ್ರತಿಯೊಂದಕ್ಕೂ ರಬ್ಬರಿನ ಗ್ರೋಮೆಟ್, ಅಂದರೆ ತೂತಿನ ಅಂಚಿಗೆ ಕೂರುವ ಬಳೆ. ನಾನು ಲೈಟರ್ ಸಾಕೆಟ್ ಬಿಟ್ಟು ಮೊದಲ ಸಲ ನೇರ ವೈರ್ ಎಳೆದಾಗ ಗ್ರೋಮೆಟ್ ಇಲ್ಲದ ಒಂದು ತೂತಿನಲ್ಲಿ ದಾಟಿಸಿದ್ದೆ. ಎಂಟು ತಿಂಗಳಾದ ಮೇಲೆ ಹುಮನಾಬಾದ್ ರಸ್ತೆಯಲ್ಲಿ ಹೋಗುವಾಗ ಫ್ಯೂಸ್ ಹಾರಿತು. ಬಿಚ್ಚಿ ನೋಡಿದರೆ ಕೆಂಪು ವೈರಿನ ಸಿಪ್ಪೆ ಕಿರುಬೆರಳ ಉಗುರಿನಷ್ಟು ಅಗಲಕ್ಕೆ ಸವೆದು ಹೋಗಿತ್ತು. ತಾಮ್ರದ ಎಳೆಗಳು ಹೊಸದಾಗಿ ಬೆಳಗಿದ ತಂಬಿಗೆಯ ಹಾಗೆ ಹೊಳೆಯುತ್ತಿದ್ದವು, ಅವುಗಳಲ್ಲಿ ಮೂರು ಎಳೆ ತಗಡಿಗೆ ತಾಗಿ ಸುಟ್ಟು ಕಪ್ಪಾಗಿದ್ದವು. ಆ ತೂತಿನ ಅಂಚಿಗೆ ಬೆರಳು ಸವರಿ ನೋಡಿದೆ, ಈಳಿಗೆಯಷ್ಟು ಹರಿತ. ಅವತ್ತು ಫ್ಯೂಸ್ ಬ್ಯಾಟರಿಯ ಪಕ್ಕದಲ್ಲಿತ್ತು, ಅದಕ್ಕೆ ಗಾಡಿ ಉಳಿಯಿತು. ಗ್ರೋಮೆಟ್ ಸಿಗುವುದು ನಾಲ್ಕು ಕಾಸಿಗೆ. ಅದರ ಮೇಲೆ ವೈರಿಗೆ ಸ್ಲೀವ್ ಹಾಕಿ, ಎಕ್ಸಾಸ್ಟ್ ಹತ್ತಿರ ಹಾಯದಂತೆ, ಪೆಡಲ್ಲುಗಳಿಗೆ ತೊಡರದಂತೆ ಕಟ್ಟಿ. ಏರ್‌ಬ್ಯಾಗ್ ಇರುವ ಕಂಬ, ಸ್ಟೀರಿಂಗ್ ಕಡೆಯ ಪ್ಯಾನಲ್ ಇವುಗಳ ಸುದ್ದಿಗೆ ಹೋಗಲೇಬೇಡಿ.

ಪೆಟ್ಟಿಗೆಯನ್ನು ಎಲ್ಲಿಡಬೇಕು ಅನ್ನುವುದಕ್ಕೆ ನಮ್ಮ ಊರಿನ ಬಿಸಿಲೇ ಉತ್ತರ ಕೊಡುತ್ತದೆ. 50 ವ್ಯಾಟ್ ಹೊರಗೆ ಕಳಿಸುವ ಸೆಟ್ ಬ್ಯಾಟರಿಯಿಂದ ಎಳೆಯುವುದು ಸುಮಾರು 145 ವ್ಯಾಟ್. ಮಿಕ್ಕ 95 ವ್ಯಾಟ್ ಶಾಖವಾಗಿ ಸೆಟ್ಟಿನ ಬೆನ್ನ ಮೇಲೇ ಕೂರುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ಮುಟ್ಟುವಾಗ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡನ್ನು ಕೈಯಿಂದ ಮುಟ್ಟಲಾಗುವುದಿಲ್ಲ. ಅಲ್ಲಿ ಸೆಟ್ ಇಡಬಾರದು. ಮುಂದಿನ ಸೀಟಿನ ಕೆಳಗೆ, ಫ್ಯಾನಿನ ಬಾಯಿ ಮುಚ್ಚದಂತೆ, ಗಟ್ಟಿಯಾದ ಬ್ರ್ಯಾಕೆಟ್ಟಿಗೆ ನಟ್ಟು ಹಾಕಿ ಕೂರಿಸಿ. ಕಿಲೋ ತೂಕದ ಕಬ್ಬಿಣ ಬ್ರೇಕ್ ಹಾಕಿದಾಗ ಹಾರಿ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮುಖಭಾಗ ಕಳಚುವ ಸೆಟ್ಟಾದರೆ ಅದನ್ನಷ್ಟೇ ಮೇಲೆ, ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಬಹುದು. ಸೇಡಂ, ವಾಡಿ ಕಡೆ ಸುಣ್ಣದ ಕಲ್ಲಿನ ಧೂಳಿನಲ್ಲಿ ಓಡಾಡುವವರು ತಿಂಗಳಿಗೊಮ್ಮೆ ಫ್ಯಾನ್ ಒರೆಸಬೇಕು.

ಇನ್ನು ಆಂಟೆನಾ. ನನಗೆ ಬಹಳ ಇಷ್ಟದ ಭಾಗ ಇದು. ನಮಗೆ ಕೊಟ್ಟಿರುವ ಎರಡು ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ನಡುವಿನ 145 ಹಿಡಿಯಿರಿ. 300ನ್ನು 145ರಿಂದ ಭಾಗಿಸಿದರೆ ತರಂಗದ ಉದ್ದ ಎರಡು ಮೀಟರಿಗೆ ಚೂರು ಹೆಚ್ಚು. ಅದರ ಕಾಲು ಭಾಗ ಸುಮಾರು 52 ಸೆಂಟಿಮೀಟರ್, ಲೋಹದ ಕಡ್ಡಿಯಲ್ಲಿ ಐದು ಶೇಕಡಾ ಕಡಿಮೆ ಹಿಡಿದರೆ 49. ಮೊಳಕ್ಕೆ ಎರಡು ಬೆರಳು ಹೆಚ್ಚು, ಅಷ್ಟೇ. ಇಷ್ಟು ಸಣ್ಣ ಕಡ್ಡಿ ಸಾಕಾಗುವುದು ಹೇಗೆಂದರೆ, ಆಂಟೆನಾದ ಇನ್ನರ್ಧ ಭಾಗ ಗಾಡಿಯ ಟಾಪು. ಕಡ್ಡಿಯ ಸುತ್ತಲಿನ ತಗಡೇ ನೆಲದ ಕೆಲಸ ಮಾಡುತ್ತದೆ. ಆದ್ದರಿಂದ ಟಾಪಿನ ನಟ್ಟನಡುವೆ ನಿಂತ ಮೊಳದ ಕಡ್ಡಿ ಬಂಪರಿನ ಮೂಲೆಗೆ ಕಟ್ಟಿದ ಉದ್ದನೆಯ ಆಂಟೆನಾಕ್ಕಿಂತ ಚೆನ್ನಾಗಿ, ನಾಲ್ಕೂ ದಿಕ್ಕಿಗೆ ಸಮನಾಗಿ ಮಾತಾಡುತ್ತದೆ. ಮೂಲೆಗೆ ಇಟ್ಟರೆ ತಗಡು ಯಾವ ಕಡೆ ಹೆಚ್ಚಿದೆಯೋ ದನಿ ಆ ಕಡೆ ವಾಲುತ್ತದೆ.

ತೂತು ಕೊರೆದು ಕೂರಿಸಿದ ಆಂಟೆನಾಕ್ಕೆ ಸಮನಿಲ್ಲ. ಮನೆಯಲ್ಲಿ ಒಪ್ಪದಿದ್ದರೆ ಅಯಸ್ಕಾಂತದ ಬುಡದ್ದು ತನ್ನಿ. ಉಕ್ಕಿನ ಟಾಪಿಗೆ ಮಾತ್ರ ಅದು ಹಿಡಿಯುತ್ತದೆ, ಅಲ್ಯೂಮಿನಿಯಮ್ಮಿಗಾಗಲಿ ಫೈಬರಿಗಾಗಲಿ ಹಿಡಿಯುವುದಿಲ್ಲ. ಬುಡದ ಕೆಳಗೆ ಧೂಳಿನ ಕಣ ಸಿಕ್ಕರೆ ಬಣ್ಣ ಗೀರುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಎತ್ತಿ ಟಾಪು, ಬುಡ ಎರಡನ್ನೂ ಒರೆಸಿ. ಕೇಬಲ್ಲನ್ನು ಬಾಗಿಲಿನ ಸಂದಿಯಲ್ಲಿ ಜಜ್ಜಿಹೋಗದಂತೆ ರಬ್ಬರ್ ದಪ್ಪಗಿರುವ ಮೇಲ್ಭಾಗದಿಂದ ಒಳಗೆ ತನ್ನಿ. ಆರ್‌ಜಿ-58 ಕೇಬಲ್ ಐದು ಮೀಟರಿಗೆ ಸುಮಾರು ಒಂದು ಡೆಸಿಬೆಲ್ ನುಂಗುತ್ತದೆ, ಅಂದರೆ 50 ವ್ಯಾಟಿನಲ್ಲಿ ಹತ್ತು ವ್ಯಾಟ್ ದಾರಿಯಲ್ಲೇ ಹೋಯಿತು. ಉಳಿದ ಕೇಬಲ್ಲನ್ನು ಸಿಂಬಿ ಸುತ್ತಿ ಸೀಟಿನ ಕೆಳಗೆ ತುರುಕುವ ಬದಲು ಬೇಕಾದಷ್ಟೇ ಕತ್ತರಿಸಿ ಕನೆಕ್ಟರ್ ಬೆಸುಗೆ ಹಾಕಿಸಿ.

ಕೂರಿಸಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರ್ ಹಚ್ಚದೆ ಪೂರ್ತಿ ಪವರಿನಲ್ಲಿ ಮಾತಾಡಬಾರದು. ಕಳಿಸಿದ್ದರಲ್ಲಿ ಎಷ್ಟು ಹಿಂದಿರುಗಿ ಬರುತ್ತಿದೆ ಅನ್ನುವುದನ್ನು ಈ ಮೀಟರ್ ಹೇಳುತ್ತದೆ. 1.5 ಇದ್ದರೆ ನೂರಕ್ಕೆ ನಾಲ್ಕು, 2 ಇದ್ದರೆ ಹನ್ನೊಂದು, 3 ಇದ್ದರೆ ಇಪ್ಪತ್ತೈದು ಪಾಲು ಮರಳಿ ಬರುತ್ತದೆ. 144, 145, 146 ಮೂರೂ ಕಡೆ ಅಳೆದು ಬರೆದುಕೊಳ್ಳಿ. 144ರಲ್ಲಿ ಚೆನ್ನಾಗಿದ್ದು 146ರಲ್ಲಿ ಏರಿದರೆ ಕಡ್ಡಿ ಉದ್ದವಾಗಿದೆ. ಆಗ ಒಂದೆರಡು ಮಿಲಿಮೀಟರ್ ಮಾತ್ರ ಕತ್ತರಿಸಿ, ಅರದಿಂದ ಉಜ್ಜಿ, ಮತ್ತೆ ಅಳೆಯಿರಿ. ನಾನು ಇದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕೊಡುತ್ತೇನೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಅಳೆಯುವಾಗ ಬಾಗಿಲು, ಬಾನೆಟ್ ಮುಚ್ಚಿರಲಿ, ಗೋಡೆಯ ಪಕ್ಕ ನಿಲ್ಲಬೇಡಿ, ಟಾಪಿನ ಹತ್ತಿರ ಮಕ್ಕಳು ಕೈ ಚಾಚದಂತೆ ನೋಡಿಕೊಳ್ಳಿ.

ಎಂಜಿನ್ ಚಾಲು ಮಾಡಿದಾಗ ಕಿಂಯ್ ಎಂಬ ಸದ್ದು ಬಂದು, ಎಕ್ಸಲೇಟರ್ ಒತ್ತಿದಂತೆ ಅದು ಏರಿದರೆ ಆಲ್ಟರ್ನೇಟರಿನದು. ವೈರನ್ನು ನೇರ ಬ್ಯಾಟರಿಯಿಂದ ತಂದಿದ್ದರೆ ಬಹುಮಟ್ಟಿಗೆ ಬರುವುದೇ ಇಲ್ಲ. ಟಕಟಕ ಅಂದರೆ ಪೆಟ್ರೋಲ್ ಗಾಡಿಯ ಸ್ಪಾರ್ಕ್ ಪ್ಲಗ್. ಡೀಸೆಲ್ ಗಾಡಿಯಲ್ಲಿ ಪ್ಲಗ್ ಕಿಡಿಯೇ ಇಲ್ಲವಾದ್ದರಿಂದ ಆ ತಾಪತ್ರಯವಿಲ್ಲ. ಎರಡೂ ಅಲ್ಲದ ಗೊರಗೊರ ಸದ್ದಿಗೆ ಅಗ್ಗದ ಮೊಬೈಲ್ ಚಾರ್ಜರನ್ನೋ ಆಮೇಲೆ ಹಾಕಿಸಿದ ಎಲ್‌ಇಡಿ ದೀಪವನ್ನೋ ಮೊದಲು ಅನುಮಾನಿಸಿ, ಒಂದೊಂದೇ ಕಿತ್ತು ನೋಡಿ.

ಎಷ್ಟು ದೂರ ಕೇಳುತ್ತದೆ? ವಿಎಚ್‌ಎಫ್ ಹೆಚ್ಚುಕಡಿಮೆ ಕಣ್ಣಳತೆಯ ದಾರಿಯಲ್ಲೇ ಹೋಗುತ್ತದೆ. ಎರಡೂ ಆಂಟೆನಾ ನೆಲದಿಂದ ಎರಡು ಮೀಟರ್ ಎತ್ತರದಲ್ಲಿದ್ದರೆ ಗಾಡಿಯಿಂದ ಗಾಡಿಗೆ ಬಯಲಿನಲ್ಲಿ ಹನ್ನೊಂದು ಹನ್ನೆರಡು ಕಿಲೋಮೀಟರ್. ಒಂದು ತುದಿಯನ್ನು ಮೂವತ್ತು ಮೀಟರ್ ಎತ್ತರಕ್ಕೆ ಏರಿಸಿದರೆ ಇಪ್ಪತ್ತೆಂಟು, ಅದೃಷ್ಟ ಇದ್ದರೆ ಇನ್ನಷ್ಟು. ಕಲಬುರಗಿಯ ಎರೆ ಬಯಲು ಇದಕ್ಕೆ ಹೇಳಿ ಮಾಡಿಸಿದ ನೆಲ. ಬೀದರ್ ಜಂಬಿಟ್ಟಿಗೆಯ ದಿಬ್ಬದ ಮೇಲಿದೆ, ಕೋಟೆಯ ಅಂಚಿಗೆ ಗಾಡಿ ನಿಲ್ಲಿಸಿದರೆ ಕೆಳಗಿನ ಬಯಲೆಲ್ಲ ಕಿವಿಗೆ ಬೀಳುತ್ತದೆ. ಶಹಾಪುರದಲ್ಲಿ ಮಲಗಿದ ಬುದ್ಧನ ಗುಡ್ಡಗಳ ಹಿಂದೆ ಸಿಕ್ಕಿಕೊಂಡರೆ ಮಾತ್ರ ನೂರು ವ್ಯಾಟಿದ್ದರೂ ಉಪಯೋಗವಿಲ್ಲ, ಗಾಡಿಯನ್ನು ಅರ್ಧ ಕಿಲೋಮೀಟರ್ ಆಚೆ ಒಯ್ಯಬೇಕು. ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾದುಹೋಗುವಾಗ ಸೆಟ್ಟನ್ನು 145.800 ಮೆಗಾಹರ್ಟ್ಸಿಗೆ ಇಟ್ಟು ಕೇಳಿ. ಅಲ್ಲಿನವರು ಹ್ಯಾಮ್ ಸಂಪರ್ಕದಲ್ಲಿದ್ದರೆ ನಾನೂರು ಕಿಲೋಮೀಟರ್ ಮೇಲಿನ ದನಿ ಇದೇ ಮೊಳದ ಕಡ್ಡಿಗೆ ಬರುತ್ತದೆ, ನಡುವೆ ಗುಡ್ಡ ಇಲ್ಲವಲ್ಲ.

ಪರವಾನಗಿಯ ಮಾತು ಚಿಕ್ಕದಾಗಿ ಹೇಳುತ್ತೇನೆ, ಚಿಕ್ಕ ವಿಷಯವೆಂದಲ್ಲ, ನಿಮಗೆ ಗೊತ್ತಿರುವುದೆಂದು. ಹನ್ನೆರಡು ವರ್ಷ ತುಂಬಿದ ಯಾರಾದರೂ ಕೇಂದ್ರ ಸರ್ಕಾರದ ಪರೀಕ್ಷೆ ಬರೆಯಬಹುದು, ರೆಸ್ಟ್ರಿಕ್ಟೆಡ್ ಎಂಬ ಕೆಳ ದರ್ಜೆಗೆ ಮೋರ್ಸ್ (ಚುಕ್ಕೆ ಗೆರೆಗಳ ಸಂಕೇತ) ಬೇಕಿಲ್ಲ. ಲೈಸೆನ್ಸ್ ಬರುವವರೆಗೆ ಗುಂಡಿ ಒತ್ತುವಂತಿಲ್ಲ. ಗಾಡಿಯಿಂದ ಮಾತಾಡುವುದಕ್ಕೆ ನಿಮ್ಮ ಲೈಸೆನ್ಸಿನಲ್ಲಿ ಏನು ಷರತ್ತಿದೆಯೆಂದು ಓದಿಕೊಳ್ಳಿ, ಅದರ ಪ್ರತಿಯನ್ನು ಗಾಡಿಯಲ್ಲೇ ಇಡಿ, ಚೆಕ್‌ಪೋಸ್ಟಿನಲ್ಲಿ ಕೇಳಿದರೆ ಮರ್ಯಾದೆಯಿಂದ ತೋರಿಸಿ. ಓಡಿಸುತ್ತ ಕೈಯಲ್ಲಿ ಸಂಪರ್ಕ ಸಾಧನ ಹಿಡಿಯುವುದನ್ನು 2019ರ ಮೋಟಾರು ವಾಹನ ತಿದ್ದುಪಡಿ ಅಪಾಯಕಾರಿ ಚಾಲನೆಯ ಲೆಕ್ಕಕ್ಕೆ ಸೇರಿಸಿದೆ. ಪಕ್ಕಕ್ಕೆ ನಿಲ್ಲಿಸಿ ಮಾತಾಡಿ. ಪೆಟ್ರೋಲ್ ಬಂಕಿನಲ್ಲಿ ಸೆಟ್ಟನ್ನೇ ಆಫ್ ಮಾಡಿ.

ನೆರೆ ಬಂದ ಆ ಹೊತ್ತಿಗೆ ಮರಳುತ್ತೇನೆ, ಯಾಕೆಂದರೆ ನನ್ನ ಮಟ್ಟಿಗೆ ಗಾಡಿಯ ರೇಡಿಯೊ ಇರುವುದೇ ಅಂಥ ಹೊತ್ತಿಗೆ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಹವ್ಯಾಸಿ ರೇಡಿಯೊದವರಾದ ಭಾರತಿ ಪ್ರಸಾದ್ ಅವರು ಹ್ಯಾಮ್ ಪ್ರಯೋಗಕ್ಕೆಂದು ಅಂಡಮಾನಿನಲ್ಲಿದ್ದರು. ಸಂಪರ್ಕ ಕಡಿದ ದ್ವೀಪಗಳಿಂದ ಸುದ್ದಿ ಹೊರಗೆ ಬಂದದ್ದರಲ್ಲಿ ಅವರ ರೇಡಿಯೊದ ಪಾಲು ದೊಡ್ಡದು. ಅವರ ಉಪಕರಣ ಮೊದಲೇ ಕೂರಿಸಿ, ಪರೀಕ್ಷೆಯಾಗಿ, ಕೆಲಸ ಮಾಡುತ್ತಿತ್ತು ಅನ್ನುವುದನ್ನು ಗಮನಿಸಿ. ನಿಮ್ಮ ಗಾಡಿಯ ಲೆಕ್ಕ ಹೀಗೆ: 60 ಆಂಪಿಯರ್-ಅವರಿನ (ಒಂದು ಆಂಪಿಯರಿನಂತೆ ಅರವತ್ತು ಗಂಟೆ ಕೊಡುವಷ್ಟರ) ಬ್ಯಾಟರಿಯಲ್ಲಿ ಅರ್ಧವನ್ನು ಸೆಲ್ಫ್ ಹೊಡೆಯಲು ಬಿಡಿ, ಉಳಿದದ್ದು 30. ಗಂಟೆಗೆ ಐದು ನಿಮಿಷ 50 ವ್ಯಾಟಿನಲ್ಲಿ ಮಾತಾಡಿ ಮಿಕ್ಕ ಹೊತ್ತು ಕೇಳುತ್ತಿದ್ದರೆ ಗಂಟೆಗೆ 1.3 ಖರ್ಚು, ಇಪ್ಪತ್ಮೂರು ಗಂಟೆ ನಡೆಯುತ್ತದೆ. 5 ವ್ಯಾಟಿನಲ್ಲಿ ಕೆಲಸ ಆಗುವಂತಿದ್ದರೆ ನಲವತ್ತು ಗಂಟೆ ದಾಟುತ್ತದೆ. ಎಂಜಿನ್ ಚಾಲೂ ಮಾಡದೆ ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು.

ಕೊನೆಗೆ ಹುಡುಗಿಯೊಬ್ಬಳು ಎಲೆಕ್ಟ್ರಿಕ್ ಕಾರಿನ ಬಗ್ಗೆ ಕೇಳಿದಳು: "ಸರ್, ನಮ್ಮ ಮಾಮಾರ ಕಾರಿನಾಗ ದೊಡ್ಡ ಬ್ಯಾಟರಿ ಅದ, ಅದಕ್ಕ ಹಚ್ಚಬಹುದೇನ್ರಿ?" ಒಳ್ಳೆಯ ಪ್ರಶ್ನೆ. ಹಚ್ಚಬಾರದು, ತಾಯಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ಲಿನಲ್ಲಿ ಇರುವುದು ನೂರಾರು ವೋಲ್ಟ್, ಮುಟ್ಟಿದರೆ ಜೀವ ಹೋಗುತ್ತದೆ. ಅಂಥ ಕಾರಿನಲ್ಲೂ ದೀಪ, ಹಾರ್ನಿಗೆಂದು ಬೇರೆ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಕಂಪನಿಯವರು ಒಪ್ಪಿದರೆ ಅದಕ್ಕೆ ಹಚ್ಚಬಹುದು, ಆದರೆ ಅದರ ಗಾತ್ರ ಚಿಕ್ಕದು, ಈಗ ಹೇಳಿದ ಗಂಟೆಗಳ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ನಿನ್ನ ಮಾಮಾರ ಕಾರಿಗೆ ನಾನಾದರೆ ಬೇರೆಯೇ ಒಂದು ಬ್ಯಾಟರಿಯನ್ನು ಡಿಕ್ಕಿಯಲ್ಲಿ ಗಟ್ಟಿಯಾಗಿ ಕಟ್ಟಿ, ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುತ್ತೇನೆ.

ಬನ್ನಿ, ಗಾಡಿಯ ಹತ್ತಿರ ಹೋಗೋಣ. ಮೀಟರ್ ಎರಡು ತಂದಿದ್ದೇನೆ, ಒಂದು ಬ್ಯಾಟರಿಗೆ, ಒಂದು ಸೆಟ್ಟಿನ ಹಿಂದಕ್ಕೆ. ಲೈಸೆನ್ಸ್ ಇರುವವರು ಒಬ್ಬರು ಗುಂಡಿ ಒತ್ತಿ, ಉಳಿದವರು ಎರಡೂ ಅಂಕಿಗಳನ್ನು ಗಟ್ಟಿಯಾಗಿ ಓದಿ.